ಅಪ್ಪ ಇರುವಾಗಲೇ ಬೋಳಿಸಿದ ತಲೆ

ಸೇಡಂನ ಶಾಲೆಯಲ್ಲಿ ನಾನು ಡ್ರಿಲ್ ಮಾಸ್ತರ. ಹುಡುಗರ ಉಗುರು, ಗುಂಡಿ, ಕ್ರಾಪು ನೋಡಿಯೇ ಸಾಲಿಗೆ ಬಿಡುತ್ತಿದ್ದೆ. ಅಂಥವನ ತಲೆಯಲ್ಲೇ ಆ ಬೇಸಿಗೆ ಕೂದಲು ಬಿಲ್ಲೆಬಿಲ್ಲೆಯಾಗಿ ಉದುರತೊಡಗಿತು. ನೋವಿಲ್ಲ, ತುರಿಕೆಯಿಲ್ಲ. ಬೆಳಿಗ್ಗೆ ದಿಂಬಿನ ಮೇಲೆ ಕೂದಲು, ತಲೆಯಲ್ಲಿ ನುಣುಪಾದ ದುಂಡು ಜಾಗ.

ಆಗ ಅಪ್ಪ ಶಹಾಬಾದಿನ ದವಾಖಾನೆಯಲ್ಲಿದ್ದ. ಎದೆಯಲ್ಲಿ ನೀರು ತುಂಬಿತ್ತು. ಅವ್ವ ಊರಲ್ಲಿ, ನಾನು ಅಪ್ಪನ ಮಂಚದ ಬಳಿ. ಅವನನ್ನು ನೋಡಲು ಬಂದ ಡಾಕ್ಟರು ನನ್ನ ತಲೆಯನ್ನೂ ಬಗ್ಗಿಸಿ ನೋಡಿದರು. ಹುಳ ತಿಂದಿದೆ ಎಂದು ಊರವರು ಹೇಳಿದ್ದಕ್ಕೆ ನಾನು ಬೆಳ್ಳುಳ್ಳಿ ತಿಕ್ಕಿ ಚರ್ಮ ಸುಟ್ಟುಕೊಂಡಿದ್ದೆ.

"ಹುಳ ಅಲ್ಲ ಮಾಸ್ತರ್ರ, ಯಾರಿಗೂ ಅಂಟೂದಿಲ್ಲ. ನಿಮ್ಮ ಮೈನೇ ನಿಮ್ಮ ಕೂದಲಾ ಪರರದು ಅಂತ ತಿಳ್ಕೊಂಡು ಬೇರಿಗೆ ಹೊಡಿಲಿಕತ್ತದ. ಮತ್ತ ಬಂದರ ಬರ್ತದ, ಇಲ್ಲಂದ್ರ ಇಲ್ಲ."

ಹೊರಗಿನಿಂದ ಬಂದದ್ದಾದರೆ ತಡೆಯಬಹುದು. ಇದಕ್ಕೆ ಏನು ಶಿಸ್ತು ಕಲಿಸಲಿ? ಅರೆಬರೆ ತಲೆಯನ್ನು ನಾನು ಸಹಿಸಲಾರೆ. ದವಾಖಾನೆ ಎದುರಿನ ಕ್ಷೌರದಂಗಡಿಗೆ ಹೋಗಿ ಪೂರ್ತಿ ಬೋಳಿಸಲು ಹೇಳಿದೆ. ಅಂಗಡಿಯ ಚಾಚಾ ಕತ್ತಿ ಹಿಡಿದವರು ಹಾಗೇ ನಿಂತರು.

"ನಿಮ್ಮ ಅಪ್ಪಾರು ಅದಾರಲ್ರಿ?"

"ಅದಾರ."

"ಮತ್ತ ತಲಿ ಯಾಕ್ರಿ?"

"ರೋಗ, ಚಾಚಾ. ಮೀಸಿ ಮುಟ್ಟಬ್ಯಾಡ್ರಿ."

ನಮ್ಮಲ್ಲಿ ತಂದೆ ತೀರಿದಾಗ ಮಗ ತಲೆ, ಮೀಸೆ ಎರಡನ್ನೂ ತೆಗೆಸುತ್ತಾನೆ. ಮೀಸೆ ಉಳಿಸಿಕೊಂಡರೆ ಸಾಕೆಂದು ನಾನು ಎಣಿಸಿದ್ದೆ.

ಮರುದಿನ ಅಪ್ಪನ ಬಟ್ಟೆ ತರಲು ಸೇಡಂಗೆ ಹೊರಟೆ. ವಾಡಿಯಲ್ಲಿ ಗಾಡಿ ಬದಲಿಸಬೇಕು. ಅಲ್ಲಿ ತಲೆಗೆ ಸುತ್ತಿದ್ದ ಟವೆಲ್ ಬಿಚ್ಚಿ ನಳದಲ್ಲಿ ಮುಖ ತೊಳೆಯುತ್ತಿದ್ದೆ. ನಮ್ಮ ಓಣಿಯವರೊಬ್ಬರು ದೂರದಿಂದ ನೋಡಿದರು, ಕೈಮುಗಿದರು, ಮಾತಾಡದೆ ಮುಂದಿನ ಡಬ್ಬಿ ಹತ್ತಿದರು. ಕೈಮುಗಿದದ್ದು ಯಾಕೆಂದು ನನಗೆ ಹೊಳೆಯುವಷ್ಟರಲ್ಲಿ ಗಾಡಿ ಚಿತ್ತಾಪುರ ದಾಟಿತ್ತು. ಸೇಡಂನಲ್ಲಿ ನಾನು ಇಳಿದಾಗ ಅವರು ಸೈಕಲ್ಲೇರಿ ಹೋಗಿಯಾಗಿತ್ತು. ನಾನು ಓಡಿದೆ.

ಓಣಿಯ ಬಾಯಲ್ಲೇ ಅಳು ಕೇಳಿಸಿತು. ಅಂಗಳದ ತುಂಬ ಹೆಂಗಸರು. ಅವ್ವನ ಹಣೆಯ ಕುಂಕುಮ ಇನ್ನೂ ಇತ್ತು. ಬಳೆ ಒಡೆದುಕೊಳ್ಳದಂತೆ ಅವಳ ಕೈಗಳನ್ನು ಒಬ್ಬಾಕೆ ಗಟ್ಟಿಯಾಗಿ ಹಿಡಿದಿದ್ದಳು.

"ಅಪ್ಪ ಅದಾನ ಅವ್ವಾ! ಅದಾನ!"

"ಇದ್ದರ ಈ ತಲಿ ಯಾಕೋ ಯಪ್ಪಾ? ನನಗ ಸುಳ್ಳ ಹೇಳಬ್ಯಾಡ." ಅವಳು ನನ್ನ ಮುಖ ನೋಡುತ್ತಲೇ ಇರಲಿಲ್ಲ.

ಪಕ್ಕದ ಮನೆಯ ಮುದುಕಿ ಕಣ್ಣು ಕಿರಿದು ಮಾಡಿ ನನ್ನ ಗದ್ದ ಹಿಡಿದೆತ್ತಿದಳು. "ಏ, ಸುಮ್ಮನಾಗ್ರೆ! ಮೀಸಿ ಅದ ನೋಡ್ರಿ. ಅಪ್ಪಗ ಸುಟ್ಟು ಬಂದಾಂವ ಹಿಂಗ ಮೀಸಿ ಬಿಟ್ಕೊಂಡು ಬರ್ತಾನೇನ?"

ಅಳು ನಿಂತಿತು. ಅವ್ವ ನನ್ನ ಮೀಸೆಯನ್ನು ಮುಟ್ಟಿ ನೋಡಿದಳು. ನಾನು ತಲೆ ಬಗ್ಗಿಸಿ ಅವಳ ಕೈಯನ್ನು ಬಿಲ್ಲೆಯ ಮೇಲಿಟ್ಟೆ. ಸುತ್ತ ಮುಳ್ಳುಮುಳ್ಳಾದ ಕೂದಲ ಬುಡ, ನಡುವೆ ನುಣುಪು. ರೋಗವೆಂದು ಅರ್ಧ ನಂಬಿದಳು. ಉಳಿದರ್ಧ ನಂಬಿದ್ದು ಸಂಜೆಯ ಗಾಡಿಗೆ ನನ್ನೊಡನೆ ಬಂದು ಅಪ್ಪನ ಎದೆಯ ಮೇಲೆ ಕೈಯಿಟ್ಟ ಮೇಲೆ.

ಅಪ್ಪ ಅವಳ ಅತ್ತ ಕಣ್ಣು, ನನ್ನ ತಲೆ ಎರಡನ್ನೂ ನೋಡಿದ. "ನಾ ಯಾವಾಗ ಸತ್ತೆ? ನನಗ ಯಾರೂ ಹೇಳೇ ಇಲ್ಲ."

ಅವನು ಗುಣವಾಗಿ ಮನೆಗೆ ಬಂದ. ನನ್ನ ಕೂದಲು ಬರಲಿಲ್ಲ. ಮಳೆಗಾಲದ ಹೊತ್ತಿಗೆ ಮೀಸೆಯ ಎಡಬದಿಯೂ ಉದುರಿತು. ಸಾಲಿನಲ್ಲಿ ಹುಡುಗರು ನಗು ಕಚ್ಚಿಕೊಂಡು ನಿಲ್ಲುತ್ತಿದ್ದರು. ಉಳಿದದ್ದನ್ನೂ ತೆಗೆಸಿಬಿಡಿ ಎಂದು ಹೆಡ್‌ಮಾಸ್ತರರು ಹೇಳಿದರು. ಅವ್ವ ಮಾತ್ರ, ಅಪ್ಪ ಒಳಗೇ ಕೂತಿದ್ದರೂ, ಸಂಜೆ ಬಾಗಿಲು ತೆರೆದವಳು ಮೊದಲು ನನ್ನ ತುಟಿಯ ಮೇಲೆ ನೋಡುತ್ತಿದ್ದಳು. ಅಪ್ಪ ಇರುವವರೆಗೂ ಆ ಅರ್ಧ ಮೀಸೆಯನ್ನು ನಾನು ಕತ್ತಿಗೆ ಕೊಡಲಿಲ್ಲ.