ವಕೀಲರು ಮಗಳನ್ನು ನಮ್ಮ ಶಾಲೆಗೆ ಕರೆತಂದದ್ದು

ವಕೀಲರ ಬಲಗೈ ತೋರುಬೆರಳು ಸದಾ ಮಸಿಯಿಂದ ನೀಲಿಗಟ್ಟಿರುತ್ತಿತ್ತು. ಹಾವೇರಿ ಕೋರ್ಟಿಗೆ ಹೋಗುವಾಗ ಟಾಂಗಾದಲ್ಲಿ ಕೂತು, ಆ ಬೆರಳನ್ನು ಗಾಳಿಯಲ್ಲಿ ಆಡಿಸುತ್ತ ಒಬ್ಬರೇ ವಾದ ಮಾಡುತ್ತಿದ್ದರು. ಕುದುರೆಯೂ ಹೂಂಗುಡುತ್ತದೆಂದು ಊರವರು ನಗುತ್ತಿದ್ದರು.

ಸ್ವಾತಂತ್ರ್ಯಕ್ಕೆ ಮುಂಚಿನ ಮಾತು. ಬ್ಯಾಡಗಿ ದಾರಿಯ ನಮ್ಮೂರಲ್ಲಿ ಊರಿನ ಮಕ್ಕಳಿಗೊಂದು ಶಾಲೆ, ನಮ್ಮ ಕೇರಿಯ ಮಕ್ಕಳಿಗೊಂದು. ನಮ್ಮ ಮಾಸ್ತರರು ನಾವು ಬರೆದ ಪಾಟಿ ಮುಟ್ಟದೆ ದೂರದಿಂದಲೇ ತಪ್ಪು ಹುಡುಕುತ್ತಿದ್ದರು. ಅವರ ಕಣ್ಣು ಅಷ್ಟು ಚುರುಕೋ, ನಮ್ಮ ಅಕ್ಷರ ಅಷ್ಟು ದಪ್ಪವೋ, ದೇವರೇ ಬಲ್ಲ. ಮೂರನೇ ಇಯತ್ತೆಗೆ ಅಲ್ಲಿ ಓದು ಮುಗಿಯುತ್ತಿತ್ತು. ನನಗೆ ಮುಂದೆ ಓದುವ ಹಟ. ಅಪ್ಪ ವಕೀಲರಲ್ಲಿ ಹೇಳಿಕೊಂಡ. ನಮ್ಮನ್ನೂ ಊರಿನ ಶಾಲೆಗೆ ಸೇರಿಸಿಕೊಳ್ಳಬೇಕೆಂದು ಅವರು ಸ್ಕೂಲ್ ಬೋರ್ಡಿಗೆ ಅರ್ಜಿ ಹಾಕಿದರು.

ಬೋರ್ಡಿನ ಅಧ್ಯಕ್ಷರು ವಿಚಾರಣೆಗೆ ಚಾವಡಿಗೆ ಬಂದರು. "ಬೇಕಾದ್ರ ಕೇರಿ ಸಾಲ್ಯಾಗ ನಾಕನೇ ಇಯತ್ತೆನೂ ತೆಗೀತೇವ್ರಿ. ಪುಸ್ತಕ ಅವೇ ಅದಾವ. ಬ್ಯಾರೆ ಕೂತ್ರ ಏನ ಕಡಿಮಿ ಆತು?" ಎಂದರು.

ಅಪ್ಪ ಒಪ್ಪಿಯೇಬಿಡುತ್ತಿದ್ದ. ವಕೀಲರು ಬಿಡಲಿಲ್ಲ. "ಏನೂ ಕಡಿಮಿ ಇಲ್ಲಂದ್ರ ನಿಮ್ಮ ಮಮ್ಮಗಳನ್ನ ಅಲ್ಲಿಗೇ ಕಳಸ್ರಿ."

"ಮೊದಲ ನಿಮ್ಮ ಮಗಳನ್ನ ಕಳಸ್ರಿ, ಆಮ್ಯಾಲೆ ನೋಡೂಣು."

ಮರುದಿನ ಬೆಳಿಗ್ಗೆ ವಕೀಲರು ಮಗಳ ಕೈಹಿಡಿದು ಕೇರಿಯ ಶಾಲೆಗೆ ಬಂದು ನನ್ನ ಪಕ್ಕ ಕೂರಿಸಿ ಹೋದರು. ಶಾಲೆಯಿಂದ ಮನೆಗೆ ಹೋದ ಹುಡುಗಿ ಹಿತ್ತಲಲ್ಲಿ ತಣ್ಣೀರು ಮೈಮೇಲೆ ಸುರಿದುಕೊಂಡೇ ಒಳಗೆ ಬರಬೇಕೆಂದು ವಕೀಲರ ತಾಯಿ ಕಟ್ಟುಮಾಡಿದರಂತೆ. ಅಮ್ಮನಿಗೆ ಎದುರಾಡಲಾರದ ವಕೀಲರು, ಮಗಳ ಜೊತೆ ತಾವೂ ದಿನಾ ಸುರಿದುಕೊಂಡರು. ಕಕ್ಷಿಗಾರರು ಕಡಿಮೆಯಾದರು. ಮಗಳನ್ನು ಮಾತ್ರ ಬಿಡಿಸಲಿಲ್ಲ.

ಬೋರ್ಡು ಮತ್ತೆ ಸೇರಿದಾಗ ಅವರು ಕೇಳಿದ್ದು ಒಂದೇ ಮಾತು: "ನನ್ನ ಮಗಳು ಬಂದಾಳ. ನಿಮ್ಮ ಮಮ್ಮಗಳು ಎಂದ ಬರ್ತಾಳ್ರಿ?" ಅಧ್ಯಕ್ಷರು ಕಾಗದ ಎಳೆದುಕೊಂಡು, ನಮ್ಮನ್ನು ಊರಿನ ಶಾಲೆಗೇ ಸೇರಿಸಿಕೊಳ್ಳಲು ಹುಕುಂ ಬರೆದರು.

ಅಂದು ವಕೀಲರ ಕಾಲಿಗೆ ಬೀಳಹೋದೆ. ಗಡಬಡಿಸಿ ಹಿಂದೆ ಸರಿದರು. "ಏಳವಾ. ನಿಂದು ನಿನಗ ಕೊಡಾಕ ಇಷ್ಟು ತಡಾ ಮಾಡೇವಿ. ಮಾಫಿ ನಾವ ಕೇಳಬೇಕು."

ನಾನು ಟ್ರೇನಿಂಗ್ ಕಾಲೇಜಿನಲ್ಲಿದ್ದಾಗ ಅವರು ತೀರಿಕೊಂಡರು. ಆಮೇಲೆ ಮಾಸ್ತರತಿಯಾದೆ, ಊರಿನ ಎಲ್ಲ ಕೇರಿಯ ಮಕ್ಕಳ ಪಾಟಿ ಮುಟ್ಟಿ ತಿದ್ದಿದೆ. ಅವರು ಹೇಳಿದ್ದನ್ನೆಲ್ಲ ಕೇಳಿದ್ದೇನೆ. ನಮಸ್ಕಾರ ಬೇಡವೆಂದದ್ದನ್ನು ಮಾತ್ರ ಈವರೆಗೂ ಕೇಳಿಲ್ಲ.