ಅಪ್ಪ ಮಾಡಿದ ಬಾಣಂತನ

ಐದನೇ ತಿಂಗಳ ತಪಾಸಣೆಗೆ ಹೋದಾಗ ಪಾವಗಡದ ಲೇಡಿ ಡಾಕ್ಟರು ಮೊದಲು ಕೇಳಿದ್ದು, "ಜೊತೆಗೆ ಯಾರು ಬಂದಿದಾರೆ?" ಎಂದು. ಯಾರೂ ಇಲ್ಲ ಎಂದೆ. ಅವರು ನನ್ನ ಹಿಂದಿದ್ದ ಬಾಗಿಲ ಕಡೆ ಒಮ್ಮೆ ನೋಡಿ ಚೀಟಿ ಬರೆಯತೊಡಗಿದರು.

"ಮೀನು ತಿಂತೀರಾ?"

"ತಿಂತೀನಿ."

"ಹಾಗಾದ್ರೆ ವಾರಕ್ಕೆ ಎರಡು ಸಲ ಬೂತಾಯಿಯಂಥ ಚಿಕ್ಕ ಮೀನು ತಿನ್ನಿ. ಅದರಲ್ಲಿ ಒಮೆಗಾ ಅಂತ ಒಂದು ಕೊಬ್ಬು ಇರುತ್ತೆ. ಮಗುವಿನ ಮೆದುಳಿಗೆ, ಕಣ್ಣಿಗೆ ಬೇಕು. ಹಾಲು ಕುಡಿಸೋವಾಗಲೂ ಬೇಕು. ಮೀನು ಸಿಗದ ದಿನ ಅಗಸೆಬೀಜ, ಅಕ್ರೋಟು ತಿನ್ನಿ." ಚೀಟಿ ಕೊಡುತ್ತಾ, "ಮನೇಲಿ ದೊಡ್ಡೋರಿಗೆ ತೋರಿಸಿ" ಎಂದರು.

ತೋರಿಸಲು ಮನೆಯಲ್ಲಿ ದೊಡ್ಡವರು ಇರಲಿಲ್ಲ. ನಾನು ಪಾವಗಡ ತಾಲ್ಲೂಕಿನ ರಾಯಚರ್ಲಿನ ಪಕ್ಕದ ಹಳ್ಳಿಯೊಂದರಲ್ಲಿ ಸರ್ಕಾರಿ ಶಾಲೆಯ ಟೀಚರು. ನನ್ನ ಗಂಡನೂ ಟೀಚರೇ, ರಾಯಚೂರು ಜಿಲ್ಲೆಯಲ್ಲಿ. ಪ್ರತಿ ಸಲ ವರ್ಗಾವಣೆ ಕೌನ್ಸೆಲಿಂಗ್ ಬಂದಾಗಲೂ ಈ ಸಲ ಆಗುತ್ತದೆ ಎಂದುಕೊಳ್ಳುತ್ತಿದ್ದೆವು, ಆಗುತ್ತಿರಲಿಲ್ಲ. ಅಮ್ಮ ನಾನು ಓದುತ್ತಿದ್ದಾಗಲೇ ತೀರಿಹೋಗಿದ್ದಳು. ಅತ್ತೆ ಭಾವನ ಮನೆ ಬಿಟ್ಟು ಬರುವ ಸ್ಥಿತಿಯಲ್ಲಿರಲಿಲ್ಲ. ಊರಿನ ಖಾಲಿ ಕೋಣೆಗಳನ್ನೆಲ್ಲ ಸೋಲಾರ್ ಪಾರ್ಕಿನ ಕೆಲಸದವರು ಹಿಡಿದುಬಿಟ್ಟಿದ್ದರಿಂದ ಒಬ್ಬ ಅಜ್ಜಿಯ ಮನೆಯ ಹಿಂಬದಿಯ ಕೋಣೆ ನನಗೆ ಸಿಕ್ಕಿದ್ದೇ ದೊಡ್ಡದು. ಬೀಗದ ಕೈ ಕೊಡುವಾಗಲೇ ಅಜ್ಜಿ ಹೇಳಿದ್ದರು: "ಮೊಟ್ಟೆಗಿಟ್ಟೆ ಏನೂ ಒಳಕ್ಕೆ ಬರಕೂಡ್ದು ಟೀಚರಮ್ಮ. ನಮ್ದು ಲಿಂಗ ಕಟ್ಟಿರೋ ಮನೆ." ನಾನು ಒಪ್ಪಿದ್ದೆ.

ಆ ಭಾನುವಾರ ಬಸ್ಸು ಹತ್ತಿ ಪಾವಗಡಕ್ಕೆ ಹೋಗಿ ಒಂದು ಮೆಸ್ಸಿನಲ್ಲಿ ಮೀನೂಟ ಮಾಡಿದೆ. ಸುತ್ತ ಬರೀ ಗಂಡಸರು. ಬಡಿಸುವವನು ತೆಲುಗು ಬೆರೆಸಿ, "ಒಕ್ಕರೇನಾ ಮೇಡಂ, ಇನ್ಯಾರಾದ್ರೂ ಬರ್ತಾರಾ?" ಎಂದು ಕೇಳಿ, ನನ್ನ ಮುಂದಿದ್ದ ಕುರ್ಚಿಯನ್ನು ಇನ್ನೊಂದು ಟೇಬಲ್ಲಿಗೆ ಎತ್ತಿಕೊಂಡು ಹೋದ. ಮುಂದಿನ ವಾರದಿಂದ ಗೋಡೆಗೆ ಮುಖ ಮಾಡಿ ಕೂರುತ್ತಿದ್ದೆ. ಎರಡನೇ ಸಲದ ಮೀನು ಹೇಗೂ ಸಿಗುವಂತಿರಲಿಲ್ಲ, ವಾರಕ್ಕೊಂದಾದರೂ ಆಗಲಿ ಎಂದು ಔಷಧಿ ನುಂಗಿದ ಹಾಗೆ ತಿಂದು ಬರುತ್ತಿದ್ದೆ. ನಾಲ್ಕನೇ ಭಾನುವಾರ ವಾಪಸು ಬರುವಾಗ ಬಸ್ಸಿನ ಕಿಟಕಿಯಿಂದ ತಿಂದದ್ದೆಲ್ಲ ವಾಂತಿಯಾಯಿತು. ನಿಶ್ಶಕ್ತಿಗಿಂತ ಹೆಚ್ಚಾಗಿ, ಅಷ್ಟು ದೂರ ಹೋಗಿ ತಿಂದದ್ದು ಮಗುವಿಗೆ ದಕ್ಕಲಿಲ್ಲವಲ್ಲ ಎಂದು ಅಳು ಬಂತು.

ಸಂಜೆ ಅಪ್ಪನ ಫೋನು ಬಂದಾಗ ಹೇಳಬಾರದು ಎಂದುಕೊಂಡೇ ಎಲ್ಲ ಹೇಳಿಬಿಟ್ಟೆ.

"ಆಯ್ತು ಬುಡು, ಇಡ್ತೀನಿ," ಎಂದ. ಅಷ್ಟೆ.

ಅಪ್ಪ ಕೊರಟಗೆರೆಯ ಒಂದು ಕಚೇರಿಯಲ್ಲಿ ಜವಾನನಾಗಿದ್ದು ನಿವೃತ್ತನಾದವನು. ಟೀ ಕಾಯಿಸುವುದು ಬಿಟ್ಟರೆ ಅಡುಗೆ ಗೊತ್ತಿರಲಿಲ್ಲ. ಅಮ್ಮ ಹೋದಮೇಲೆ ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲೇ ಅವನ ಊಟ. ಅಂಥವನು ಮುಂದಿನ ಭಾನುವಾರ ಹತ್ತೂವರೆಗೆ ನಮ್ಮೂರಿನಲ್ಲಿ ಬಸ್ಸಿಳಿದ. ಕೈಯಲ್ಲಿ ಟವೆಲು ಸುತ್ತಿದ ಸ್ಟೀಲ್ ಕ್ಯಾರಿಯರ್. ಬೆಳಗಿನ ಜಾವವೇ ಹೊರಟು, ಮಧುಗಿರಿಯಲ್ಲೊಂದು, ಪಾವಗಡದಲ್ಲೊಂದು ಬಸ್ಸು ಬದಲಾಯಿಸಿ ಬಂದಿದ್ದ.

"ಏನಪ್ಪ ಇದು?"

"ಬೂತಾಯಿ ಮೀನು. ನಾನೇ ಮಾಡ್ದೆ," ಎಂದು ಆಚೀಚೆ ನೋಡಿ ಮೆಲ್ಲಗೆ ಹೇಳಿದ.

ಕೋಣೆಗೆ ಒಯ್ಯುವಂತಿರಲಿಲ್ಲ. ಶಾಲೆಯ ಬೀಗದ ಕೈ ನನ್ನ ಹತ್ತಿರವೇ ಇತ್ತು. ಶಾಲೆಯ ಜಗಲಿಯಲ್ಲಿ ಪೇಪರು ಹಾಸಿ ಕೂತೆವು. ಬೇಲಿಯಾಚೆ ಕಣ್ಣು ಹಾಯುವವರೆಗೂ ಸೋಲಾರ್ ಫಲಕಗಳು, ಒಂದು ನಾಯಿಯೂ ಇಲ್ಲ. ಅಪ್ಪ ಮುದ್ದೆ ಮುರಿದು ತಟ್ಟೆಗಿಟ್ಟ. ಒಂದೊಂದೇ ಮೀನು ಬಿಡಿಸಿ, ಮುಳ್ಳು ತೆಗೆದು, ಬೆರಳಲ್ಲಿ ಮತ್ತೆ ಸವರಿ ನೋಡಿ ನನ್ನ ಕಡೆ ತಳ್ಳುತ್ತಿದ್ದ.

"ಹೆಂಗದೆ?"

"ಚೆನ್ನಾಗಿದೆ."

"ಸುಳ್ಳು ಯೋಳ್ಬ್ಯಾಡ. ಉಪ್ಪು ಜಾಸ್ತಿ ಆಗದೆ."

"ಸ್ವಲ್ಪ."

"ಮುಂದಿನ್ ವಾರ ಸರಿ ಮಾಡ್ತೀನಿ."

"ನೀನೂ ತಿನ್ನಪ್ಪ."

"ನಂದಾಯ್ತು."

ಆಗಿರಲಿಲ್ಲ. ಮೂರು ಗಂಟೆ ಬಸ್ಸಿಗೆ ಅವನು ಹೋದಮೇಲೆ, ಸೋಮವಾರ ಮಕ್ಕಳಿಗೆ ವಾಸನೆ ಬಾರದಿರಲಿ ಎಂದು ಎರಡು ಸಲ ಜಗಲಿ ತೊಳೆದೆ. ಡಾಕ್ಟರ ಚೀಟಿಯನ್ನು ಅವನು ಜೇಬಿಗಿಟ್ಟುಕೊಂಡು ಹೋಗಿದ್ದ.

ಆಮೇಲೆ ಅಪ್ಪ ಒಂದು ಭಾನುವಾರವೂ ತಪ್ಪಿಸಲಿಲ್ಲ. ಒಂದು ಸಲ ಅಗಸೆಬೀಜ ತಂದು ನನ್ನ ಒಲೆಯ ಮೇಲೇ ಹುರಿಯಲು ಕೂತ. ಕೋಣೆಯ ತುಂಬ ಹೊಗೆ. ಮನೆಯ ಅಜ್ಜಿ ಹೊಸ್ತಿಲಾಚೆ ಬಂದು ನಿಂತರು.

"ಏನಪ್ಪ ಅದು, ಸುಟ್ಟಾಕ್ತಿದೀಯ?"

"ಅಗಸೆ ಕಣಮ್ಮ. ಮಗಳಿಗೆ ತಿನ್ಸಿ ಅಂತ ಡಾಕ್ಟ್ರು ಯೋಳವ್ರೆ."

"ಅವಿಸೆಗಿಂಜಲಾ! ಅಯ್ಯೋ, ಸಣ್ಣ ಉರೀಲಿ ಹುರೀಬೇಕು. ಚಟಪಟ ಅಂತಿದ್ದಂಗೇ ಇಳಿಸ್ಬುಡ್ಬೇಕು. ನೀನು ಬುಡಪ್ಪ, ನಾನು ಕಾರಂಪುಡಿ ಮಾಡ್ಕೊಡ್ತೀನಿ."

ಮಾತಿನಂತೆ ಮುಂದಿನ ವಾರ ಅಗಸೆ, ಒಣಮೆಣಸಿನಕಾಯಿ, ಬೆಳ್ಳುಳ್ಳಿ ಹಾಕಿ ಕುಟ್ಟಿದ ಪುಡಿಯ ಬಾಟಲಿ ತಂದರು. ತಂದು, ಬಾಗಿಲ ಬಳಿಯ ಕಲ್ಲಿನ ಮೇಲಿಟ್ಟರು. ಅವರು ಎರಡು ಹೆಜ್ಜೆ ಹಿಂದೆ ಸರಿಯುವವರೆಗೆ ಅಪ್ಪ ಕಾದ. ಆಮೇಲೆ ಬಗ್ಗಿ ಎತ್ತಿಕೊಂಡು, "ಒಳ್ಳೇದಾಯ್ತು ಕಣಮ್ಮ," ಎಂದ. ಇಬ್ಬರಿಗೂ ಅದು ಗಮನಕ್ಕೇ ಬಂದಂತೆ ಕಾಣಲಿಲ್ಲ. ನನಗೆ ಬಂತು. ಪುಡಿ ನಿಜವಾಗಿಯೂ ಚೆನ್ನಾಗಿತ್ತು. ಬಿಸಿ ಅನ್ನಕ್ಕೆ ತುಪ್ಪ ಹಾಕಿಕೊಂಡು ದಿನವೂ ತಿಂದೆ. ತಿನ್ನುವಾಗೆಲ್ಲ ಆ ಕಲ್ಲು ನೆನಪಾಗುತ್ತಿತ್ತು. ಆದರೂ ತಿಂದೆ. ಇದನ್ನು ಯಾರಿಗೆ ಹೇಳಲಿ? ಗಂಡನಿಗೆ ಫೋನಿನಲ್ಲಿ ಹೇಳಲು ಹೋದರೆ, "ಪಾಪ, ಪುಡಿ ಮಾಡಿಕೊಟ್ಟರಲ್ಲ," ಎಂದರು.

ಒಂಬತ್ತನೇ ತಿಂಗಳಲ್ಲಿ ರಜೆ ಹಾಕಿ ಕೊರಟಗೆರೆಗೆ ಹೋದೆ. ಹೆಣ್ಣು ಮಗು ಹುಟ್ಟಿತು. ಗಂಡ ಬಂದು ಹತ್ತು ದಿನ ಇದ್ದು ಹೋದರು. ಬೆಳಿಗ್ಗೆ ಒಬ್ಬ ಮುದುಕಿ ಬಂದು ಮಗುವಿಗೂ ನನಗೂ ಎಣ್ಣೆ ನೀರು ಹಾಕಿ ಹೋಗುತ್ತಿದ್ದಳು. ಅವಳು ಹೋದಮೇಲೆ ದಿನವಿಡೀ ನಾವು ಮೂವರೇ.

ಅಪ್ಪನ ಮನೆಯೆಂದರೆ ಒಂದು ನಡುಮನೆ, ಒಂದು ಅಡುಗೆಮನೆ. ಮಗು ಹಾಲಿಗೆ ಅತ್ತ ತಕ್ಷಣ ಅಪ್ಪ ಟವೆಲು ಹೆಗಲಿಗೆ ಹಾಕಿಕೊಂಡು ಹೊರಗೆ ಹೋಗಿಬಿಡುತ್ತಿದ್ದ. ಬಾಗಿಲು ಎಳೆದುಕೊಂಡು, ಎದುರಿನ ಚರಂಡಿಯ ಹಾಸುಗಲ್ಲಿನ ಮೇಲೆ ಕೂರುತ್ತಿದ್ದ. ಮುಗಿದಮೇಲೆ ನಾನು "ಅಪ್ಪಾ" ಎನ್ನಬೇಕು. ಒಮ್ಮೆ ಮಧ್ಯಾಹ್ನ ಹಾಲು ಕುಡಿಸುತ್ತಲೇ ನಿದ್ದೆ ಹೋಗಿಬಿಟ್ಟೆ. ಎಚ್ಚರವಾದಾಗ ಬಿಸಿಲು ಗೋಡೆ ಬಿಟ್ಟು ಇಳಿದಿತ್ತು. ಕಿಟಕಿಯಿಂದ ನೋಡಿದರೆ ಅಪ್ಪ ಇನ್ನೂ ಅಲ್ಲೇ ಕೂತಿದ್ದಾನೆ, ತಲೆಯ ಮೇಲೆ ಟವೆಲು.

ಎರಡನೇ ವಾರ ಮಗು ಹಾಲು ಸಾಲದೆ ರಚ್ಚೆ ಹಿಡಿಯಿತು. ನಾನೂ ಅಳುತ್ತಿದ್ದೆ. ಅಮ್ಮನಾಗಿದ್ದರೆ ಸೆರಗು ಸರಿಸಿ ನೋಡಿ ಬೈದಿರುತ್ತಿದ್ದಳು. ಅಪ್ಪ ಬಾಗಿಲಾಚೆ ನಿಂತು, "ಸಬ್ಬಸಿಗೆ ಸಾರು ಇನ್ನೊಂದ್ ಲೋಟ ಕೊಡ್ಲೇನವ್ವ?" ಎಂದ. ಸ್ವಲ್ಪ ಹೊತ್ತು ಬಿಟ್ಟು, "ಮೀನು ತರ್ಲಾ?" ಎಂದ. ಅವನು ಕೇಳಬೇಕಾದದ್ದೆಲ್ಲ ಹೀಗೆ ಊಟವಾಗಿಯೇ ಬರುತ್ತಿತ್ತು. ಕೊನೆಗೆ ಆಶಾ ಕಾರ್ಯಕರ್ತೆ ಬಂದು ಮಗುವನ್ನು ಎದೆಗೆ ಹಿಡಿಯುವ ರೀತಿ ತಿದ್ದಿದಳು. ಎರಡು ದಿನದಲ್ಲಿ ಸರಿಹೋಯಿತು. ಮೀನಿನಿಂದಲೇ ಹಾಲು ಬಂತೆಂದು ಅಪ್ಪ ನಂಬಿದ. ನಾನು ತಿದ್ದಲು ಹೋಗಲಿಲ್ಲ.

ಬೀದಿಯ ಹೆಂಗಸರು ಬಾಗಿಲಿಗೆ ಬಂದು, "ಬಾಣಂತಿಗೆ ಮೀನಾ? ಮಗೀಗೆ ಹೊಟ್ಟೆ ಕೆಡ್ತದೆ. ಗಂಡಸು ಬಾಣಂತನ ಮಾಡಿದ್ರೆ ಇಂಗೇಯ," ಎಂದು ನಕ್ಕರು. ಅಪ್ಪ ಜೇಬಿನಿಂದ ಡಾಕ್ಟರ ಚೀಟಿ ತೆಗೆದು ಮುಂದೆ ಹಿಡಿದ. "ಓದ್ಕಳಿ. ಮಗೀನ ತಲೆಗೆ ಒಳ್ಳೇದಂತೆ." ಇಂಗ್ಲಿಷಿನಲ್ಲಿದ್ದ ಅದನ್ನು ಅವರೂ ಓದಲಾರರು, ಅವನೂ ಓದಲಾರ.

ಒಂದು ದಿನ ಊಟಕ್ಕೆ ಕೂತಾಗ ಸುಮ್ಮನೆ ಕೇಳಿದೆ: "ಅಪ್ಪ, ನಾನು ಹುಟ್ಟಿದಾಗ ಅಮ್ಮ ಏನು ತಿಂತಿದ್ಲು?"

"ಗೊತ್ತಿಲ್ಲ ಕಣವ್ವ."

"ಮೀನು ತಿಂತಿದ್ಲಾ?"

"ಗೊತ್ತಿಲ್ಲ. ಅವಳು ಸಿರಾ ಕಡೆ ಅವರವ್ವನ ಊರಲ್ಲಿದ್ಲು. ನಾನು ಮೂರ್ ತಿಂಗ್ಳು ಬಿಟ್ಟು ಹೋದೆ. ಹೋದೋನು ಮಗ ಅಲ್ಲ ಮಗಳು ಅಂತ ನಿನ್ ಮಖ ಕೂಡ ಸರಿಯಾಗಿ ನೋಡ್ಲಿಲ್ಲ. ಏನ್ ತಿಂದೆ, ಹೆಂಗಿದೀಯ ಅಂತ ಅವಳ್ನ ಒಂದ್ ಮಾತು ಕೇಳ್ಲಿಲ್ಲ. ಅವಳೂ ಯೋಳ್ಲಿಲ್ಲ."

"ಹೋಗ್ಲಿ ಬಿಡಪ್ಪ" ಎಂಬ ಮಾತು ಬಾಯಿಗೆ ಬಂದಿತ್ತು. ಆದರೆ ಅದನ್ನು ಹೇಳಬೇಕಾದವಳು ನಾನಲ್ಲ ಎನಿಸಿತು. ಅಪ್ಪ ತಟ್ಟೆಗಳನ್ನು ಎತ್ತಿಕೊಂಡು ಹೋಗಿ ನಲ್ಲಿಯ ಕೆಳಗೆ ಬಹಳ ಹೊತ್ತು ತೊಳೆದ.

ಆರು ತಿಂಗಳ ರಜೆ ಮುಗಿಯಿತು. ಅಜ್ಜಿಯ ಕೋಣೆ ಬಿಟ್ಟು ಪಾವಗಡದಲ್ಲೊಂದು ಮನೆ ಹಿಡಿದೆ, ಏನು ಬೇಕಾದರೂ ಬೇಯಿಸಬಹುದಾದ ಮನೆ. ಮಗು ನೋಡಿಕೊಳ್ಳಲು ಒಬ್ಬ ಹೆಂಗಸು ಸಿಕ್ಕಳು. ಅಪ್ಪನನ್ನು ಕರೆದೆ. "ಬ್ಯಾಡ ಕಣವ್ವ, ಮಗಳ ಮನೇಲಿ ಎಷ್ಟ್ ದಿನ ಅಂತ ಕೂರ್ಲಿ," ಎಂದ. ಈಗ ಅವನಿಗೆ ಮಂಡಿನೋವು, ಬಸ್ಸು ಬದಲಾಯಿಸಿ ಬರಲು ಆಗುವುದಿಲ್ಲ. ಮಗಳಿಗೆ ಎರಡು ತುಂಬಿದೆ. ಎದೆಹಾಲು ಬಿಡಿಸಿದ್ದೇನೆ. ಮೀನಿನ ಮುಳ್ಳು ತೆಗೆದು ಅನ್ನಕ್ಕೆ ಕಲಸಿ ಕೊಟ್ಟರೆ ಅರ್ಧ ತಿಂದು ಅರ್ಧ ಉಗುಳುತ್ತಾಳೆ. ಗಂಡನ ವರ್ಗಾವಣೆ ಈ ವರ್ಷವೂ ಆಗಲಿಲ್ಲ.

ಸಂಜೆ ಏಳಕ್ಕೆ ಅಪ್ಪನ ಫೋನು ಬರುತ್ತದೆ. ಮಗು ಏನು ತಿಂತು ಎನ್ನುತ್ತಾನೆ. ಹೇಳುತ್ತೇನೆ. ನೀನೇನು ತಿಂದೆ ಎನ್ನುತ್ತಾನೆ. ಅದನ್ನೂ ಹೇಳುತ್ತೇನೆ. ನೀನೇನು ತಿಂದೆಯಪ್ಪ ಎಂದು ನಾನು ಕೇಳಿದರೆ ಮಾತ್ರ, "ಏನೋ ಒಂದು ಬುಡು," ಎಂದು ಫೋನಿಡುತ್ತಾನೆ.