ಶಾಂತಕ್ಕ ಮೂಸಿ ನೋಡಿದ ಡಿಸ್ಕ್ ಬ್ರೇಕ್

"ಡಿಸ್ಕ್ ಮುಂದ ನಿನ್ನ ರಿಮ್ ಬ್ರೇಕ್ ಯಾವ ಲೆಕ್ಕಲೇ?" ಎಂದು ನನ್ನ ಸೈಕಲ್ಲಿನ ಡಿಸ್ಕ್ ಬ್ರೇಕ್ ತೋರಿಸಿ ಗೆಳೆಯ ಕೊಟ್ರೇಶನನ್ನು ದಿನಾ ಹಂಗಿಸುತ್ತಿದ್ದವನು ನಾನೇ, ಸ್ನೇಹಿತರೇ.

ಇವತ್ತು ಬೆಳಿಗ್ಗೆ ಚಿಗಟೇರಿ ಹತ್ತಿರದ ಇಳಿಜಾರಿನಲ್ಲಿ ಕುರಿಹಿಂಡು ಅಡ್ಡ ಬಂತು. ಇಬ್ಬರೂ ಬ್ರೇಕ್ ಹಿಡಿದೆವು. ಗಾಲಿಯ ಅಂಚನ್ನು ಹಿಡಿಯುವ ರಿಮ್ ಬ್ರೇಕಿನ ಅವನ ಹಳೇ ಸೈಕಲ್ ನಿಂತಿತು. ನಾನು ಪಕ್ಕದ ಹೊಲದಲ್ಲಿ ಹೋಗಿ ಬಿದ್ದೆ.

ಹರಪನಹಳ್ಳಿಯಲ್ಲಿ ಸೈಕಲ್ ರಿಪೇರಿ ಮಾಡುವ ಶಾಂತಕ್ಕ ನನ್ನ ಗಾಲಿಯ ನಡುವಿನ ಡಿಸ್ಕ್ ತಟ್ಟೆಯನ್ನು ಬೆರಳಿನಿಂದ ಸವರಿ, ಮೂಸಿ ನೋಡಿದರು.

"ಶೇಂಗಾ ಎಣ್ಣಿ ಹಚ್ಚೀರೇನ್ರಿ?"

ಬ್ರೇಕ್ ಕಿರುಗುಟ್ಟುತ್ತದೆಂದು ನಿನ್ನೆ ಯಾರಿಗೂ ಹೇಳದೆ ಹಚ್ಚಿದ್ದೆ! ಆ ಬೆರಳಿಗೆ ಕೈಮುಗಿಯಬೇಕು ಅನ್ನಿಸಿತು.

"ಡಿಸ್ಕ್ ಛಲೋನ ಐತ್ರಿ, ಮಳ್ಯಾಗೂ ಹಿಡಿತೈತಿ. ಆದ್ರ ರಿಮ್ ಇರ್ಲಿ, ಡಿಸ್ಕ್ ಇರ್ಲಿ, ಎಣ್ಣಿ ಕುಡಿಸಿದ್ರ ಯಾವುದೂ ನಿಲ್ಲಂಗಿಲ್ಲ" ಎಂದರು.

ಪಕ್ಕದಲ್ಲೇ ನಿಂತು ಕೇಳಿದ ಕೊಟ್ರೇಶ ಊರಿಗೆಲ್ಲ ಹೇಳುವ ಮೊದಲು ನಾನೇ ನಿಮಗೆ ಹೇಳಿಬಿಟ್ಟಿದ್ದೇನೆ.